ಮೇಷ್ಟ್ರ ಕಾರಿನ ಕೊಂಯ್

ಡ್ರಾಯಿಂಗ್ ಮೇಷ್ಟ್ರು ಪುಟ್ಟಬಸಪ್ಪನವರ ಕಾರಿನಲ್ಲಿದ್ದ ಕ್ಯಾಸೆಟ್ ಪ್ಲೇಯರು ಕಾರು ನಿಂತಿರುವಾಗ ಬಹಳ ಸಾಧು. ಎಂಜಿನ್ ಚಾಲೂ ಆಯಿತೋ, ಸ್ಪೀಕರಿನೊಳಗಿಂದ ‘ಕೊಂಯ್’ ಎಂದು ಶುರು. ಆಕ್ಸಿಲರೇಟರ್ ತುಳಿದಷ್ಟೂ ಕೊಂಯ್ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಎಂಥ ದೊಡ್ಡ ಗಾಯಕರು ಹಾಡಿದರೂ ಸೊಳ್ಳೆಗಳ ಮೇಳದ ನಡುವೆ ಸಿಕ್ಕಿಬಿದ್ದವರಂತೆ ಕೇಳಿಸುತ್ತಿದ್ದರು.

ಸೆಕೆಂಡ್ ಹ್ಯಾಂಡ್ ಕಾರು, ಹೋಗಲಿ ಎಂದು ಮೇಷ್ಟ್ರು ಎರಡು ತಿಂಗಳು ಸುಮ್ಮನಿದ್ದರು. ಆದರೆ ಆ ಸೋಮವಾರ ಸುಮ್ಮನಿರುವ ಹಾಗಿರಲಿಲ್ಲ. ಗುಂಡ್ಲುಪೇಟೆಗೆ ಪಾದಪೂಜೆಗೆ ಬಂದಿದ್ದ ಶಿವರುದ್ರಸ್ವಾಮಿಗಳನ್ನು ಸಂಜೆ ನಾಲ್ಕಕ್ಕೆ ಬೇಗೂರಿನಾಚೆಯ ಅವರ ಮಠಕ್ಕೆ ಬಿಟ್ಟುಬರುವ ಭಾಗ್ಯ, ಬೀದಿಗೆಲ್ಲ ಒಂದೇ ಕಾರು ಎಂಬ ಕಾರಣಕ್ಕೆ, ಮೇಷ್ಟ್ರ ಪಾಲಿಗೆ ಬಂದಿತ್ತು.

ಅವರ ಹೆಂಡತಿ ಗುರುಮಲ್ಲಮ್ಮ ವಚನ ಹಾಡುತ್ತಿದ್ದಳು. ಮಠದ ಸೋಮವಾರದ ಗೋಷ್ಠಿಯಲ್ಲಿ ಒಂದು ಸಲವಾದರೂ ಹಾಡಬೇಕೆಂಬುದು ಆಕೆಯ ಬಹುದಿನದ ಆಸೆ. ಬಾಯಿ ಬಿಟ್ಟು ಕೇಳಲು ಸಂಕೋಚ. ದಾರಿಯಲ್ಲಿ ಸ್ವಾಮಿಗಳ ಕಿವಿಗೆ ತಾನಾಗಿಯೇ ಬೀಳಲಿ ಎಂದು ಹಿಂದಿನ ವಾರ ಮನೆಯ ಟೇಪ್ ರೆಕಾರ್ಡರಿನಲ್ಲಿ ಆರು ವಚನ ಹಾಡಿ ತುಂಬಿಸಿಕೊಂಡಿದ್ದಳು. ಹಾಡುವಾಗ ಮನೆಯಲ್ಲಿ ಸದ್ದಾಗಬಾರದೆಂದು ಗಂಡನನ್ನು ಹಿತ್ತಲಿಗೆ ಅಟ್ಟಿದ್ದಳು. ರೆಕಾರ್ಡ್ ಆದ ಗಳಿಗೆಯಲ್ಲೇ ಆ ಟೇಪ್ ರೆಕಾರ್ಡರು ಕೈಕೊಟ್ಟಿತು. ಕ್ಯಾಸೆಟ್ಟು ಕಾರಿನಲ್ಲಿ ಒಂದೇ ಸಲ, ಅದೂ ಕೊಂಯ್ ನಡುವೆ, ಕೇಳಿಸಿತ್ತು.

“ನನ್ನ ಹಾಡೋ, ಹಿಟ್ಟಿನ ಗಿರಣಿಯೋ ಗೊತ್ತಾಗಕಿಲ್ಲ,” ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. ಹೆಂಡತಿ ಅತ್ತರೆ ಮೇಷ್ಟ್ರಿಗೆ ತಡೆಯದು. “ಅಳಬೇಡ ಕಣೆ. ನಾಲ್ಕು ಗಂಟೆಯೊಳಗೆ ಆ ಕೊಂಯ್‌ನ ಓಡಿಸದಿದ್ರೆ ಕೇಳು,” ಎಂದು ಸ್ಕೂಲಿಗೆ ರಜೆ ಹಾಕಿದರು. ಆಕೆ ಕ್ಯಾಸೆಟ್ಟಿಗೆ ವಿಭೂತಿ ಹಚ್ಚಿ ದೇವರ ಮುಂದಿಟ್ಟಳು.

ಬಾನೆಟ್ ಎತ್ತಿದ್ದೇ ತಡ, ಪಕ್ಕದ ಮನೆ ಶಿವಣ್ಣ ಹಾಜರಾದ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವನು. ಟಿಕೆಟ್ ಹರಿದಷ್ಟೇ ಸಲೀಸಾಗಿ ಸಲಹೆಯನ್ನೂ ಹರಿದು ಕೊಡುತ್ತಿದ್ದ.

“ಏರಿಯಲ್ ಕಿತ್ತಾಕ್ಬುಡಿ ಮೇಷ್ಟ್ರೇ. ಗಾಳೀಲಿರೋ ಸದ್ನೆಲ್ಲ ಅದೇ ಎಳ್ಕತಾ ಇರಾದು.”

ಕಿತ್ತರು. ಕೊಂಯ್ ಹಾಗೇ ಇತ್ತು, ರೇಡಿಯೋ ಮಾತ್ರ ಹೋಯಿತು.

ಅಷ್ಟರಲ್ಲಿ ಸ್ಕೂಲಿಗೆ ಹೊರಟಿದ್ದ ಸೈನ್ಸ್ ಮೇಷ್ಟ್ರು ಕರಿಬಸವಯ್ಯ ಸೈಕಲ್ ನಿಲ್ಲಿಸಿದರು. “ಅರ್ಥ್ ಇಲ್ಲ ಪುಟ್ಟಬಸಪ್ಪ. ಮನೆಗೆ ಅರ್ಥ್ ಇಲ್ದೆ ಕರೆಂಟ್ ಕೊಡ್ತಾರಾ? ನಿನ್ನ ಕಾರು ನಾಲ್ಕು ರಬ್ಬರ್ ಮೇಲೆ ನಿಂತದೆ. ಭೂಮಿಗೆ ಸಂಬಂಧವೇ ಇಲ್ಲ. ಒಂದು ಸರಪಳಿ ಇಳಿಬಿಡು.”

ಸೈನ್ಸ್ ಓದಿದವರ ಮಾತನ್ನು ಡ್ರಾಯಿಂಗ್ ಮೇಷ್ಟ್ರು ಮೀರುವುದುಂಟೆ? ಶಿವಣ್ಣ ಕೊಟ್ಟಿಗೆಯಿಂದ ಹಸು ಕಟ್ಟುವ ಸರಪಳಿ ತಂದ. ಹಿಂದಿನ ಬಂಪರಿಗೆ ಕಟ್ಟಿದರು. ಕಾರು ಹೊರಟಿತು. ಒಳಗೆ ಕೊಂಯ್, ಹೊರಗೆ ಘಲಘಲ. ಸರಪಳಿ ಕಳಚಿದ್ದೇ ತಡ ಹಸು ಹೊಲಕ್ಕೆ ನುಗ್ಗಿತೆಂದು ಹಿಂದಿನಿಂದ ಕೂಗು ಬಂತು. ಶಿವಣ್ಣ ಅತ್ತ ಓಡಿದ.

ಇನ್ನು ಚಾಮರಾಜನಗರವೇ ಗತಿ ಎಂದು ಮೇಷ್ಟ್ರು ಹಾಗೇ ಹೊರಟರು. ತೆರಕಣಾಂಬಿ ದಾಟುವುದರೊಳಗೆ ಏಳು ಜನ ಅಡ್ಡ ಬಂದು ಕಾರು ನಿಲ್ಲಿಸಿದರು. “ಸಾಮೀ, ಸರಪಳಿ ಎಳೀತಾ ಅದೆ ಕನ,” ಎಂದು ಹೇಳಿ ಪುಣ್ಯ ಕಟ್ಟಿಕೊಂಡರು. ಎಂಟನೆಯವನು ಹೇಳುವ ಮೊದಲೇ ಮೇಷ್ಟ್ರು ಇಳಿದು ಸರಪಳಿ ಬಿಚ್ಚಿ ಡಿಕ್ಕಿಗೆ ಹಾಕಿದರು.

ಚಾಮರಾಜನಗರದಲ್ಲಿ ಕಾರಿನ ವೈರಿಂಗ್ ಮಾಡುವ ಶರತ್ ಉಡಿಗಾಲದವನು, ಮಾತು ಕಡಿಮೆ. ಎಂಜಿನ್ ಆಫ್ ಮಾಡಿಸಿದ, ಆನ್ ಮಾಡಿಸಿದ, ತುಳಿಯಲು ಹೇಳಿದ, ಬಿಡಲು ಹೇಳಿದ.

“ಆಲ್ಟರ್ನೇಟರ್ ಸದ್ದು ಸಾರ್ ಇದು. ಎಂಜಿನ್ ಜೊತೆ ಸುತ್ತಿ ಬ್ಯಾಟರಿ ಚಾರ್ಜ್ ಮಾಡ್ತದಲ್ಲ, ಅದು. ಅರ್ಥ್ ಸರಿಯಿಲ್ದೆ ಸ್ಪೀಕರ್‌ಗೆ ನುಗ್ತಾ ಅದೆ.”

“ಅರ್ಥಿಗೆ ಸರಪಳಿ ಕಟ್ಟಿದ್ದೆನಲ್ಲಪ್ಪ.”

ಶರತ್ ಮೇಷ್ಟ್ರ ಮುಖವನ್ನೊಮ್ಮೆ ನೋಡಿ ಪ್ಲೇಯರನ್ನು ಹೊರಗೆಳೆದ. ಅರ್ಥಿನ ಕಪ್ಪು ವೈರನ್ನು ಯಾರೋ ಪುಣ್ಯಾತ್ಮರು ಬಾಡಿಯ ಪೇಂಟಿನ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ದರು. ಉಪ್ಪುಕಾಗದ ಹಾಕಿ ಕಬ್ಬಿಣ ಕಾಣುವವರೆಗೆ ಉಜ್ಜಿದ. ಬ್ಯಾಟರಿಯಿಂದ ಬಂದ ವೈರು ಸ್ಪೀಕರ್ ವೈರಿಗೆ ಸುತ್ತಿಕೊಂಡಿತ್ತು. ಎರಡನ್ನೂ ಬಿಡಿಸಿ ಬೇರೆ ಬೇರೆ ಬದಿಯಲ್ಲಿ ಎಳೆದ. ಪಕ್ಕದಲ್ಲೇ ಬೋಂಡಾ ಬಾಣಲೆ ಚುರುಗುಟ್ಟುತ್ತಿತ್ತು. ಮೇಷ್ಟ್ರ ಹೊಟ್ಟೆ ಕೂಗಿತು. ಹೆಂಡತಿಯ ಜೊತೆ ಹದಿನೆಂಟು ವರ್ಷದಿಂದ ಸೋಮವಾರದ ಉಪವಾಸ ಹಿಡಿದವರಿಗೆ ಆವತ್ತೊಂದು ದಿನ ಯಾಕೆ ಅಷ್ಟು ಹಸಿವಾಯಿತೋ, ಅದು ಅವರಿಗೇ ಗೊತ್ತು. ಸ್ವಾಮಿಗಳ ಪಕ್ಕ ಕೂರುವ ದಿನ ಎಂದು ಎಂಜಲು ನುಂಗಿ ಮುಖ ತಿರುಗಿಸಿದರು.

“ಈಗ ತುಳೀರಿ ಸಾರ್.”

ತುಳಿದರು. ಎಂಜಿನ್ ಗುಡುಗಿತು, ಸ್ಪೀಕರು ಉಸಿರೆತ್ತಲಿಲ್ಲ. ಮೇಷ್ಟ್ರಿಗೆ ಅವನ ಕೈಗೆ ಮುತ್ತು ಕೊಡಬೇಕೆನಿಸಿತು.

“ಇನ್ಮೇಲೆ ಟೇಪಲ್ಲಿ ಏನೇನದೋ ಅದೆಲ್ಲ ಕೇಳಿಸ್ತದೆ,” ಎಂದ ಶರತ್.

ನಾಲ್ಕಕ್ಕೆ ಸರಿಯಾಗಿ ಸ್ವಾಮಿಗಳು ಮುಂದಿನ ಸೀಟಿನಲ್ಲಿ ಕೂತರು. ಗುರುಮಲ್ಲಮ್ಮ ಹಿಂದೆ ಸೆರಗು ಹೊದ್ದು ಕೂತಳು.

“ಸೋಮವಾರ ಬಿಡದಂಗೆ ಉಪವಾಸ ಮಾಡೋ ಮೇಷ್ಟ್ರು ನೀವೇ ಅಲ್ವಾ? ಭಕ್ತರು ಹೇಳ್ತಿದ್ರು,” ಎಂದರು ಸ್ವಾಮಿಗಳು.

“ಎಲ್ಲ ತಮ್ಮ ಆಶೀರ್ವಾದ ಬುದ್ಧಿ,” ಎಂದು ಮೇಷ್ಟ್ರು ಕ್ಯಾಸೆಟ್ ತಳ್ಳಿದರು.

ಗುರುಮಲ್ಲಮ್ಮನ ದನಿ ಕಾರಿನ ತುಂಬ ಹರಡಿತು. ಹೆಂಡತಿ ಇಷ್ಟು ಚೆನ್ನಾಗಿ ಹಾಡುತ್ತಾಳೆಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಸ್ವಾಮಿಗಳು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಎರಡು ವಚನ ಮುಗಿದವು. ಮೂರನೆಯದಕ್ಕೆ ಮೊದಲು ಆಕೆ ಟೇಪು ನಿಲ್ಲಿಸದೆ ನೀರು ಕುಡಿಯಲು ಎದ್ದುಹೋಗಿದ್ದಳು; ಆ ಬಿಡುವಿನಲ್ಲಿ, ಟೇಪಿನೊಳಗೆ, ಹಿತ್ತಲ ಕಿಟಕಿಯ ಕಡೆಯಿಂದ ಇನ್ನೊಂದು ದನಿ ತೇಲಿಬಂತು.

“ಸೋಮವಾರ ಅಂದ್ರೆ ನಂಗೆ ಹಬ್ಬ ಕನ ಶಿವಣ್ಣ. ಇವಳು ಉಪವಾಸ, ಒಲೆ ಹಚ್ಚಲ್ಲ. ನಾನೂ ಉಪವಾಸ ಅಂದ್ಬುಟ್ಟು ಊಟಿ ರಸ್ತೆ ಮಲಯಾಳಿ ಹೋಟ್ಲಿಗೆ ಹೋಯ್ತೀನಿ.”

ಮೇಷ್ಟ್ರ ಕೈ ಪ್ಲೇಯರಿನತ್ತ ಹಾರಿತು. “ಇರ್ಲಿ, ತೆಗೀಬೇಡಿ,” ಎಂದರು ಸ್ವಾಮಿಗಳು, ಕಣ್ಣು ತೆರೆಯದೆ.

ಮೇಷ್ಟ್ರು ಆಕ್ಸಿಲರೇಟರನ್ನು ತಳಮುಟ್ಟ ತುಳಿದರು. ಎರಡು ತಿಂಗಳು ತುಳಿದಾಗಲೆಲ್ಲ ಓಡಿಬರುತ್ತಿದ್ದ ಕೊಂಯ್ ಈಗ ಬರಲಿಲ್ಲ. ಗತಿಯಿಲ್ಲದೆ ಖಾಲಿ ರಸ್ತೆಯಲ್ಲಿ ಹಾರನ್ ಒತ್ತಿದರು.

“ಎರಡು ಪರೋಟ, ಜೊತೇಲಿ—” ಪೀಂ, ಪೀಂ “—ಮೊಟ್ಟೆ.”

“ಅಯ್ಯೋ, ಲಿಂಗ ಕಟ್ಟಿದೋರು ಕನ ನೀವು,” ಎಂದಿತು ಟೇಪಿನೊಳಗಿನ ಶಿವಣ್ಣನ ದನಿ.

“ಅದ್ಕೇ ಶರ್ಟಿನ ಮೇಲ್ಗುಂಡಿ ಹಾಕ್ಕೊಂಡೇ ತಿನ್ನಾದು.”

ವಚನ ಮುಂದುವರಿಯಿತು. ಮಠ ಬಂತು. ಸ್ವಾಮಿಗಳು ಇಳಿದು ಗುರುಮಲ್ಲಮ್ಮನ ಕಡೆ ನೋಡಿ ನಕ್ಕರು. “ದನಿ ಬಾಳ ಚೆಂದಾಗದೆ ಕಣವ್ವ. ಮುಂದಿನ ಸೋಮವಾರದಿಂದ ಗೋಷ್ಠೀಲಿ ನೀನೇ ಹಾಡಬೇಕು.” ಆಮೇಲೆ ಮೇಷ್ಟ್ರ ಕಡೆ ತಿರುಗಿದರು. “ನೀವೂ ಬನ್ನಿ. ಪ್ರತಿ ಸೋಮವಾರ ಸ್ಕೂಲು ಬಿಟ್ಟ ತಕ್ಷಣ. ಮಧ್ಯಾಹ್ನದ ಹೊತ್ತು ನಿಮ್ಮ ಹತ್ರ ಕೂತಿರಾಕೆ ನಮ್ಮ ಭಕ್ತರು ಕರಿಬಸವಯ್ಯನೋರಿಗೆ ನಾನೇ ಹೇಳಿ ಕಳಿಸ್ತೀನಿ.”

ವಾಪಸ್ ಬರುವಾಗ ಗುರುಮಲ್ಲಮ್ಮ ಮುಂದಿನ ಸೀಟಿಗೆ ಬಂದು ಕೂತಳು. ಬೇಗೂರು ದಾಟಿತು.

“ಇವತ್ತು ನಿಜವಾಗ್ಲೂ ಒಂದು ತೊಟ್ಟು ಕಾಫಿನೂ ಕುಡ್ದಿಲ್ಲ ಕಣೆ,” ಎಂದರು ಮೇಷ್ಟ್ರು. ಜೀವಮಾನದ ಮೊದಲ ಸೋಮವಾರದ ಉಪವಾಸ, ನಂಬುವವರು ಇರಲಿಲ್ಲ. “ತಪ್ಪಾಯ್ತು. ಆದ್ರೆ ನೀನು ತಿಳ್ಕೊಂಡಂಗೆ ಅಲ್ಲ. ಒಂದೇ ಮೊಟ್ಟೆ. ಅದೂ ಚಿಕ್ಕದು.”

“ಹಂಗಾ?” ಎಂದಳು ಆಕೆ, ಬಹಳ ಮೆಲ್ಲಗೆ. “ಆ ಜಾಗ ಇನ್ನೊಂದ್ಸಲ ಹಾಕಿ. ಹಾರನ್ ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ.”

ಮೇಷ್ಟ್ರು ಟೇಪನ್ನು ಹಿಂದಕ್ಕೆ ಸುತ್ತಿದರು. ಶರತ್ ಒಳ್ಳೆಯ ಕೆಲಸಗಾರ. ‘ಮೂರು’ ಎಂದು ಸ್ಪಷ್ಟವಾಗಿ ಕೇಳಿಸಿತು.