ಖಾಲಿ ತಟ್ಟೆಯ ಹದಿನೈದು ಗ್ರಾಂ

ಮಾನ್ಯ ತೂಕಯಂತ್ರದವರ ಸನ್ನಿಧಿಗೆ,
ಕಿಟಕಿ ಸಂಖ್ಯೆ ಮೂರು, ವಿದೇಶಿ ಪಾರ್ಸೆಲ್‌ಗಳ ಸುಂಕ ಕಚೇರಿ

ಮಾನ್ಯರೇ,

ತಮ್ಮ ಉಕ್ಕಿನ ತಟ್ಟೆಗೂ, ನಾಲ್ಕು ರಬ್ಬರ್ ಪಾದಗಳಿಗೂ, ಕೆಂಪು ಅಂಕಿಗಳಿಗೂ ಬೇರೆ ಬೇರೆಯಾಗಿ ವಂದಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಪತ್ರವನ್ನು ನಾನು ಮೊದಲು ತಮ್ಮ ಮೇಲಧಿಕಾರಿಗಳಿಗೇ ಬರೆಯಬೇಕೆಂದಿದ್ದೆ. ಆದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಸುಂಕದವನ ತಕ್ಕಡಿಯ ಮುಂದೆ ಹೇಳಿಕೊಳ್ಳಬಾರದೆಂದು ಅವರು ಎಲ್ಲಿಯೂ ಹೇಳಿದಂತಿಲ್ಲ. ಅಲ್ಲದೆ ತಮ್ಮ ಕಚೇರಿಗೆ ನಾನು ಹನ್ನೊಂದು ಸಲ ಬಂದಿದ್ದೇನೆ. ಅಷ್ಟೂ ಸಲ ನನ್ನತ್ತ ಮುಖ ಮಾಡಿ ಕುಳಿತಿದ್ದವರು ತಾವೊಬ್ಬರೇ.

ನಾನು ತಕ್ಕಡಿ ರಿಪೇರಿಯವನು. ಅಂಗಡಿ, ಔಷಧಾಲಯ, ಚಿನ್ನದ ಕೆಲಸದವರು, ಹಳೆ ಪೇಪರಿನವರು, ಎಲ್ಲರ ತೂಕವನ್ನೂ ಇಪ್ಪತ್ತಾರು ವರ್ಷಗಳಿಂದ ಸರಿ ಮಾಡಿಕೊಂಡು ಬಂದಿದ್ದೇನೆ. ನನ್ನಲ್ಲಿ ಮಖಮಲ್ಲಿನ ಪೆಟ್ಟಿಗೆಯೊಂದಿದೆ, ಅದರಲ್ಲಿ ಹದಿನಾರು ತೂಕದ ಬಟ್ಟುಗಳಿವೆ. ಅವುಗಳನ್ನು ಚಿಮಟದಲ್ಲೇ ಎತ್ತುತ್ತೇನೆ, ಬೆರಳಿನ ಜಿಡ್ಡು ತಾಗಿದರೂ ತೂಕ ಹೆಚ್ಚುತ್ತದೆಂಬ ಭಯದಿಂದ. ಇಷ್ಟು ಹೇಳಿದ್ದು ಜಂಭಕ್ಕೆ ಅಲ್ಲ. ನಮ್ಮಿಬ್ಬರ ಕಸುಬು ಒಂದೇ ಎಂದು ತಮಗೆ ತಿಳಿದಿರಲಿ ಎಂದು.

ನನ್ನ ತಂಗಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ ಮಾಡುತ್ತಾಳೆ. ಗಾಜಿನ ಹಿಂದೆ ಕುಳಿತು ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಟ್ಟೆಗೆ ಎಂದು ದಿನಕ್ಕೆ ಆರೇಳುನೂರು ಮಂದಿಗೆ ಹೇಳುವ ಕೆಲಸ. ಕಳೆದ ವರ್ಷ ಆಕೆಗೊಂದು ಕಾಯಿಲೆ ಬಂತು. ಎಂಟು ತಿಂಗಳ ಚಿಕಿತ್ಸೆಯಲ್ಲಿ ಕಾಯಿಲೆಯೂ ಹೋಯಿತು, ಕೂದಲೂ ಹೋಯಿತು. ಒಂದನೇ ತಾರೀಖಿಗೆ ರಜೆ ಮುಗಿಯುವುದಿತ್ತು. ಅಂದು ಬಂದು ಕೂರದಿದ್ದರೆ ಜಾಗ ಬೇರೆಯವರ ಪಾಲು ಎಂದು ನಿಲ್ದಾಣದ ಮೇಲ್ವಿಚಾರಕರು ಬಹಳ ಮರ್ಯಾದೆಯಿಂದ ತಿಳಿಸಿದ್ದರು. ತಂಗಿ ಹೇಳಿದಳು, "ಬೋಳು ತಲೇಲಿ ಆ ಗಾಜಿನ ಹಿಂದೆ ಕೂತ್ಕೊಳ್ಳೋಕೆ ನನ್ನ ಕೈಲಾಗಲ್ಲ ಕಣಣ್ಣ. ಜನ ಬಸ್ಸು ಕೇಳೋದು ಬಿಟ್ಟು ಕಾಯಿಲೆ ಕೇಳ್ತಾರೆ."

ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ರಾಣಿಯರ ಕೂದಲಿತ್ತು, ರಾಕ್ಷಸಿಯರದಿತ್ತು. ವಿಚಾರಣೆ ಕಿಟಕಿಯವರದ್ದು ಇರಲಿಲ್ಲ. ದೊಡ್ಡ ಅಂಗಡಿಯವರು ಹೇಳಿದ ಬೆಲೆ ಕೇಳಿ ಇದ್ದ ನನ್ನ ಕೂದಲೂ ನಿಮಿರಿ ನಿಂತಿತು. ಆಮೇಲೆ ತಂಗಿಯೇ ಮೂರು ಸಂಜೆ ಫೋನು ಹಿಡಿದು ಕೂತು, ಯಾವುದೋ ದೂರದೇಶದ ಮಾರಾಟಗಾರನಲ್ಲಿ, ಒಂದು ಜೊತೆ ಸಾಧಾರಣ ಚಪ್ಪಲಿಯ ಬೆಲೆಗೆ, ಎಡಕ್ಕೆ ಬೈತಲೆ ಇರುವ ಗಿಡ್ಡ ಕಪ್ಪು ವಿಗ್ಗೊಂದನ್ನು ಆರಿಸಿದಳು. ಹಿಂದೆ ತನ್ನ ಬೈತಲೆ ಎಡಕ್ಕೇ ಇತ್ತೆಂದಳು. ನಲವತ್ತಮೂರು ವರ್ಷ ಒಂದೇ ಮನೆಯಲ್ಲಿದ್ದರೂ ನಾನದನ್ನು ಗಮನಿಸಿರಲಿಲ್ಲ.

ವಿಗ್ಗು ಸಮುದ್ರ ದಾಟಿ ಹನ್ನೆರಡು ದಿನದಲ್ಲಿ ಬಂತು. ತಮ್ಮ ಕಚೇರಿಯಿಂದ ನಮ್ಮ ಮನೆಗೆ ನಡೆದರೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯ ದಾರಿಯಲ್ಲಿ ಅದು ಬರಲಿಲ್ಲ, ಅದರ ಬದಲು ನೋಟೀಸು ಬಂತು. ಆ ನೋಟೀಸಿನ ಸೌಂದರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲು ಬೆಲೆಯ ಮೇಲೆ ಸುಂಕ; ಆ ಸುಂಕಕ್ಕೊಂದು ಮೇಲ್ಸುಂಕ; ಬೆಲೆ, ಸುಂಕ, ಮೇಲ್ಸುಂಕ ಮೂರನ್ನೂ ಒಟ್ಟಿಗೆ ಕೂರಿಸಿ ಅವುಗಳ ತಲೆಯ ಮೇಲೆ ತೆರಿಗೆ; ಇಷ್ಟೆಲ್ಲ ಲೆಕ್ಕ ಹಾಕಿದ ದಣಿವಿಗೆ ನಿರ್ವಹಣಾ ಶುಲ್ಕ; ಆ ಶುಲ್ಕಕ್ಕೆ ಅದರದ್ದೇ ಆದ ತೆರಿಗೆ. ದಿಕ್ಕಿಲ್ಲದೆ ಒಂಟಿಯಾಗಿ ಬಂದಿಳಿದ ಒಂದು ವಿಗ್ಗಿಗೆ ಮಕ್ಕಳು, ಮೊಮ್ಮಕ್ಕಳು, ಬೀಗರು, ಬೀಗರ ಕಡೆಯವರು ಎಲ್ಲರನ್ನೂ ಕಟ್ಟಿಕೊಟ್ಟು ತುಂಬಿದ ಸಂಸಾರ ಮಾಡಿದ ಕಚೇರಿಯನ್ನು ಯಾರು ತಾನೇ ಕರುಣೆಯಿಲ್ಲದ್ದು ಎಂದಾರು? ತಂಗಿ ನೋಟೀಸನ್ನು ಎರಡು ಸಲ ಓದಿ, "ಮೂಗಿಗಿಂತ ಮೂಗುತೀನೇ ಭಾರ ಆಯ್ತಲ್ಲೋ" ಎಂದು ನಕ್ಕು, ಕಪಾಟಿನಿಂದ ಹಣ ತೆಗೆದು ಕೊಟ್ಟಳು. "ಕೇಳಿದಷ್ಟು ಕಟ್ಟಿ ತಗೊಂಡ್ ಬಾ. ಅಲ್ಲಿ ಹೋಗಿ ನಿನ್ನ ಬುದ್ಧಿವಂತಿಕೆ ತೋರಿಸ್ಬೇಡ, ನಿನ್ನ ದಮ್ಮಯ್ಯ" ಎಂದಳು.

ಒಂದನೇ ತಾರೀಖಿಗೆ ಆಗ ಎಂಟು ದಿನ ಬಾಕಿ ಇತ್ತು.

ತಮ್ಮನ್ನು ಮೊದಲ ಬಾರಿ ಕಂಡ ಆ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ಕನ್ನಡಕದ ಗುಮಾಸ್ತರು ನನ್ನ ಪೊಟ್ಟಣವನ್ನು ತಮ್ಮ ತಟ್ಟೆಯ ಮೇಲಿಟ್ಟರು. ತಾವು ಇನ್ನೂರ ಅರವತ್ತೊಂದು ಎಂದಿರಿ. ಇನ್ನೂರೈವತ್ತು ಗ್ರಾಂ ದಾಟಿದ ಪೊಟ್ಟಣಕ್ಕೆ ನಿರ್ವಹಣಾ ಶುಲ್ಕ ಒಂದು ಮೆಟ್ಟಿಲು ಮೇಲೇರುತ್ತದಂತೆ. ಏರಲಿ, ಮೂರು ಲೋಟ ಚಹಾದ ವ್ಯತ್ಯಾಸ. ನಾನು ಹಣ ಎಣಿಸತೊಡಗಿದೆ. ಅಷ್ಟರಲ್ಲಿ ಅವರು ಮೊಹರು ಹಾಕಲೆಂದು ಪೊಟ್ಟಣವನ್ನು ಎತ್ತಿಕೊಂಡರು, ನನ್ನ ಕಣ್ಣು ಅಭ್ಯಾಸಬಲದಿಂದ ಖಾಲಿಯಾದ ತಮ್ಮ ತಟ್ಟೆಯತ್ತ ಹೋಯಿತು, ಮತ್ತು ತಾವು ಆ ಶೂನ್ಯವನ್ನು ಗಂಭೀರವಾಗಿ ತೂಗಿ ಹದಿನೈದು ಗ್ರಾಂ ಎಂದಿರಿ.

ಒಬ್ಬ ದರ್ಜಿ ತನ್ನೆದುರು ನಿಂತವನ ಹರಿದ ಜೇಬನ್ನು ನೋಡಿಯೂ ಸುಮ್ಮನಿರಬಲ್ಲ. ಒಬ್ಬ ದಂತವೈದ್ಯ ಎದುರಿನವನ ಹುಳುಕು ಹಲ್ಲನ್ನು ಕಂಡು ಮುಗುಳ್ನಗಬಲ್ಲ. ನನಗೆ ಆ ಸಂಸ್ಕಾರ ಬರಲಿಲ್ಲ. "ಸಾರ್, ಖಾಲಿ ಇದ್ದಾಗ್ಲೇ ಹದಿನೈದು ತೋರಿಸ್ತಾ ಇದೆ" ಎಂದುಬಿಟ್ಟೆ.

"ಅಂದ್ರೆ? ನಮ್ಮ ಮಿಷನ್ನು ಸುಳ್ಳು ಹೇಳತ್ತೆ ಅಂತೀರಾ?"

"ಸುಳ್ಳಲ್ಲ ಸಾರ್, ಪಾಪ, ಅದಕ್ಕೆ ಗೊತ್ತಿಲ್ಲ. ಅಲ್ಲಿ ಸೊನ್ನೆ ಗುಂಡಿ ಇದೆಯಲ್ಲ, ಒಂದ್ಸಲ ಒತ್ತಿ. ಸರಿಹೋಗತ್ತೆ."

"ಒತ್ತೋ ಅಧಿಕಾರ ನಂಗಿಲ್ಲ. ನೀವು ಹೇಳಿದ್ದನ್ನ ಬರ್ದು ಕೊಡಿ."

ಮಾನ್ಯರೇ, ನಾನು ಬರೆದುಕೊಟ್ಟೆ. ತಿಳಿದವನು ಬಾಯಿ ಮುಚ್ಚುತ್ತಾನೆ, ತೀರಾ ತಿಳಿಯದವನು ಬಾಯಲ್ಲಿ ಹೇಳಿ ಬಿಡುತ್ತಾನೆ. ನಾನು ಪರವಾನಗಿ ಸಂಖ್ಯೆ ಸಮೇತ, ದಿನಾಂಕ ಹಾಕಿ, ಪೂರ್ತಿ ಸಹಿ ಮಾಡಿ ಬರೆದುಕೊಟ್ಟೆ. ಅರ್ಧ ಗಂಟೆಯೊಳಗೆ ತಮ್ಮ ಮೇಲೆ ಹಳೆಯ ಟವೆಲ್ಲೊಂದನ್ನು ಹೊದಿಸಿ 'ತಪಾಸಣೆಯಲ್ಲಿದೆ' ಎಂಬ ಚೀಟಿ ಅಂಟಿಸಲಾಯಿತು. ತಮ್ಮ ಹಿಂದಿನ ತಪಾಸಣೆಯಿಂದ ಅಂದಿನವರೆಗೆ ತಾವು ತೂಗಿದ್ದ, ಇನ್ನೂ ಹೊರಗೆ ಹೋಗದ ಮುನ್ನೂರ ನಲವತ್ತಾರು ಪೊಟ್ಟಣಗಳನ್ನು ತಡೆಹಿಡಿಯಲಾಯಿತು. ನನ್ನದು ಮುನ್ನೂರ ನಲವತ್ತಾರನೆಯದು.

ಒಂದು ಬೆರಳು, ಒಂದು ಕ್ಷಣ, ಒಂದು ಗುಂಡಿ. ನಾನೇ ಒತ್ತಿಕೊಡುತ್ತೇನೆಂದು ಮರುದಿನ ಪೆಟ್ಟಿಗೆ ಸಮೇತ ಬಂದೆ. ದೂರುದಾರನು ಸಾಕ್ಷ್ಯವನ್ನು ಮುಟ್ಟುವಂತಿಲ್ಲವೆಂದರು. ಹಾಗಾದರೆ ಬೇರೆ ರಿಪೇರಿಯವನನ್ನು ಕರೆಸಿ ಎಂದೆ. ಕಚೇರಿಯ ಒಪ್ಪಿತ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು. ಮೊದಲನೆಯವರು ತೀರಿಕೊಂಡಿದ್ದರು, ಎರಡನೆಯವರು ತಕ್ಕಡಿ ಬಿಟ್ಟು ಕೋಳಿ ಫಾರಂ ಮಾಡಿದ್ದರು, ಮೂರನೆಯವನು ನಾನು. ಈ ನಡುವೆ ಪೊಟ್ಟಣವನ್ನು ಇಟ್ಟುಕೊಂಡದ್ದಕ್ಕೆ ದಿನಕ್ಕಿಷ್ಟು ಎಂದು ದಾಸ್ತಾನು ಶುಲ್ಕ ಏರುತ್ತಿತ್ತು, ಅದನ್ನೂ ತೂಕದ ಮೇಲೆಯೇ ಹಾಕುತ್ತಾರೆ, ತೂಕ ವಿವಾದದಲ್ಲಿರುವುದರಿಂದ ತಾತ್ಕಾಲಿಕವಾಗಿ ತಮ್ಮ ಮಾತನ್ನೇ ನಂಬಿ ಇನ್ನೂರ ಅರವತ್ತೊಂದಕ್ಕೆ ಹಾಕಿದ್ದರು. ಅಷ್ಟು ಅವಮಾನದ ನಡುವೆಯೂ ತಮ್ಮ ಮಾತಿಗೆ ಬೆಲೆ ಉಳಿದಿತ್ತು ಎಂಬುದನ್ನು ಮೆಚ್ಚುಗೆಯಿಂದ ದಾಖಲಿಸುತ್ತೇನೆ.

ಸಾಲಿನಲ್ಲಿ ನಿಂತವರಿಗೆ ವಿಷಯ ತಿಳಿಯಲು ಎರಡು ದಿನ ಸಾಕಾಯಿತು. ಫೋನಿನ ಕವಚಗಳನ್ನು ತರಿಸಿ ಮಾರುವ ಹೆಂಗಸೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓ, ಹದಿನೈದು ಗ್ರಾಂ ಅಂದ್ರೆ ಇವ್ರೇನಾ? ನಿಮ್ಮ ಸತ್ಯ ನಿಮ್ಮನೇಲಿ ಇಟ್ಕೊಳ್ಳೋಕೆ ಏನಾಗಿತ್ತು ಸ್ವಾಮಿ?" ಎಂದರು. ಅಂದಿನಿಂದ ಅಲ್ಲಿ ನನ್ನ ಹೆಸರು ಹದಿನೈದು ಗ್ರಾಂ.

ತಂಗಿಗೆ ಮೂರು ದಿನ ಸುಳ್ಳು ಹೇಳಿದೆ. ನಾಲ್ಕನೆಯ ದಿನ ಹೇಳಲೇಬೇಕಾಯಿತು. ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಇನ್ನೆರಡು ಬಟ್ಟೆ ಮಡಚಿಟ್ಟು, "ಅಣ್ಣಾ, ನೀನು ಯಾಕೆ ಹಾಗ್ಮಾಡ್ದೆ?" ಎಂದು ಕೇಳಿದಳು. ಅದಕ್ಕೆ ಉತ್ತರ ಈಗ ನನ್ನಲ್ಲಿದೆ, ಆಕೆಗೆ ಹೇಳಿಲ್ಲ, ತಮಗೆ ಹೇಳುತ್ತೇನೆ.

ಆ ಎಂಟು ತಿಂಗಳೂ ಆಸ್ಪತ್ರೆಗೆ ಹೋದಾಗಲೆಲ್ಲ ಮೊದಲು ಆಕೆಯನ್ನು ತೂಕಯಂತ್ರದ ಮೇಲೆ ನಿಲ್ಲಿಸುತ್ತಿದ್ದರು. ಐವತ್ತೆರಡು ಇತ್ತು. ನಲವತ್ತೊಂಬತ್ತಾಯಿತು, ನಲವತ್ತಾರಾಯಿತು, ನಲವತ್ತೆರಡಾಯಿತು. ಆಕೆ ಕೆಳಗಿಳಿದು ಚಪ್ಪಲಿ ಹಾಕಿಕೊಳ್ಳುವ ಹೊತ್ತಿನಲ್ಲಿ ನಾನು ಪ್ರತಿ ಸಲವೂ ಬಗ್ಗಿ ಆ ಯಂತ್ರದ ಸೊನ್ನೆಯನ್ನು ನೋಡುತ್ತಿದ್ದೆ. ಒಮ್ಮೆ ನರ್ಸು ಆಚೆ ಹೋದಾಗ ನನ್ನ ಬಟ್ಟುಗಳನ್ನಿಟ್ಟೂ ನೋಡಿದೆ. ತಮ್ಮ ಆ ಬಂಧು ಸರಿಯಾಗಿದ್ದರು. ಪ್ರತಿ ಸಲವೂ ಸರಿಯಾಗಿದ್ದರು. ಇಪ್ಪತ್ತಾರು ವರ್ಷ ತಕ್ಕಡಿಗಳ ತಪ್ಪು ಹುಡುಕಿ ಬದುಕಿದವನಿಗೆ ಬೇಕಾದಾಗ ಒಂದು ತಪ್ಪೂ ಸಿಗಲಿಲ್ಲ. ಹಾಗಾಗಿ ತಾವು ಖಾಲಿ ಹೊಟ್ಟೆಯಲ್ಲಿ ಹದಿನೈದು ಎಂದಾಗ ನನಗಾದದ್ದು ಸಿಟ್ಟಲ್ಲ, ಹಣದ ಚಿಂತೆಯೂ ಅಲ್ಲ. ಕೊನೆಗೂ ತಪ್ಪು ಹೇಳುವ ಒಂದು ಯಂತ್ರ ಸಿಕ್ಕಿತೆಂಬ ಸಂತೋಷ. ಆ ಸಂತೋಷದಲ್ಲಿ ಬರೆದುಕೊಟ್ಟೆ.

ಒಂದನೇ ತಾರೀಖು ಬಂತು. ವಿಗ್ಗು ಬರಲಿಲ್ಲ. ಹೋಗಬೇಡ ಎಂದೂ ಹೋಗು ಎಂದೂ ಹೇಳುವ ಯೋಗ್ಯತೆ ನನಗಿರಲಿಲ್ಲ. ತಂಗಿ ಕನ್ನಡಿಯ ಮುಂದೆ ಬಹಳ ಹೊತ್ತು ಕೂತು, ಒಂದು ವಸ್ತ್ರ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿ, ಕೊನೆಗೆ ಅದನ್ನು ಕುರ್ಚಿಯ ಮೇಲೆಸೆದು ಬಾಗಿಲು ದಾಟಿದಳು. ಆಕೆಯ ತಲೆಯ ಮೇಲೆ ಆಗ ಅಕ್ಕಿಕಾಳಿನಷ್ಟುದ್ದದ ಕೂದಲಿತ್ತು. ನಾನು ಹಿಂದಿನಿಂದ ಹೋಗಿ ನಿಲ್ದಾಣದ ಕಂಬವೊಂದರ ಮರೆಗೆ ನಿಂತೆ.

ಕಿಟಕಿ ತೆರೆಯಿತು. ಸಾಲಿನಲ್ಲಿದ್ದವರು ನೋಡಿದರು, ನೋಡಿಲ್ಲವೆಂಬಂತೆಯೂ ನೋಡಿದರು. ಆಕೆ ಬೆರಳಿನಿಂದ ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಆಗ ನಿವೃತ್ತಿಗೆ ಹತ್ತಿರವಾದ ಕಂಡಕ್ಟರೊಬ್ಬರು, ಗಟ್ಟಿ ಗಂಟಲಿನವರು, ದೂರದಿಂದಲೇ, "ಏನಮ್ಮಾ, ಎಷ್ಟು ದಿನ ಆಯ್ತು! ಕೂದಲೆಲ್ಲ ಎಲ್ಲಮ್ಮಾ?" ಎಂದು ಕೂಗಿದರು. ಇಡೀ ಸಾಲು ಕಂಡಕ್ಟರರತ್ತ ತಿರುಗಿತು. ನಾನು ಕಂಬದ ಹಿಂದೆ ಸತ್ತೆ.

"ಕಸ್ಟಮ್ಸ್ ಆಫೀಸಲ್ಲಿ ಹಿಡ್ಕೊಂಡಿದ್ದಾರೆ ಸಾರ್" ಎಂದಳು ತಂಗಿ, ಮೈಕಿನಲ್ಲಿ. "ಸುಂಕ ಕಟ್ಟಿದ್ರೆ ಬಿಡ್ತಾರಂತೆ. ನಮ್ಮಣ್ಣ ಅಲ್ಲಿ ತಕ್ಕಡಿ ರಿಪೇರಿ ಮಾಡಿಸ್ತಿದ್ದಾನೆ."

ಮೊದಲು ಕಂಡಕ್ಟರು ನಕ್ಕರು, ಆಮೇಲೆ ಸಾಲು ನಕ್ಕಿತು, ಮೈಕು ಮುಚ್ಚಿರದಿದ್ದುದರಿಂದ ಐದನೆಯ ಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ನಕ್ಕರು. ತಂಗಿ ಮೇಜಿನ ಅಂಚು ಬಿಟ್ಟು, "ಮುಂದಿನವ್ರು, ಎಲ್ಲಿಗೆ ಹೇಳಿ" ಎಂದಳು.

ಪೊಟ್ಟಣ ತಡೆಹಿಡಿದು ಇಂದಿಗೆ ಎಪ್ಪತ್ತೊಂದು ದಿನ. ಮೊನ್ನೆ ತಮ್ಮ ಕಚೇರಿಯಿಂದ ಕೊನೆಯ ನೋಟೀಸು ಬಂದಿದೆ. ಈಗಿನ ಒಟ್ಟು ಮೊತ್ತದಲ್ಲಿ ಅಂಥವೇ ನಾಲ್ಕು ವಿಗ್ಗು ಬರುತ್ತವೆ. ಅದನ್ನು ಕಟ್ಟಿ ಬಿಡಿಸಿಕೊಳ್ಳಬಹುದು, ಅಥವಾ ವಸ್ತುವಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿರುವುದಾಗಿ ಬರೆದುಕೊಡಬಹುದು. ತಂಗಿ ಬರೆದುಕೊಟ್ಟಿದ್ದಾಳೆ, ಪತ್ರವನ್ನು ಲಗತ್ತಿಸಿದೆ. ಇನ್ನು ನನ್ನ ಬೇಡಿಕೆಗಳು. ಆಕೆಯ ತಲೆಯ ಮೇಲೆ ಈಗ ಬೆಳೆದಿರುವುದು ಸಂಪೂರ್ಣವಾಗಿ ಮನೆಯಲ್ಲೇ ತಯಾರಾದ ಸರಕು, ಯಾವ ಗಡಿಯನ್ನೂ ದಾಟಿ ಬಂದದ್ದಲ್ಲ ಎಂದು ತಾವು ಸಂಬಂಧಪಟ್ಟವರಿಗೆ ದೃಢಪಡಿಸಬೇಕು. ಮಿಕ್ಕ ಮುನ್ನೂರ ನಲವತ್ತೈದು ಮಂದಿಯಲ್ಲಿ ನನ್ನ ಪರವಾಗಿ ಕ್ಷಮೆ ಕೇಳಬೇಕು. ನಾನೇ ಕೇಳೋಣವೆಂದರೆ ಫೋನ್ ಕವಚದವರು ಚಪ್ಪಲಿಗೆ ಕೈ ಹಾಕುತ್ತಾರೆ. ಕೊನೆಯದಾಗಿ, ಆ ಮಾಸಿದ ಟವೆಲ್ಲಿನಡಿ ಮುಖ ಮುಚ್ಚಿಕೊಂಡು ಕೂರುವುದು ತಮ್ಮ ಘನತೆಗೆ ತಕ್ಕದ್ದಲ್ಲವಾದ್ದರಿಂದ, ಅದನ್ನು ತೆಗೆಸಿ, ಹೇಗೂ ಕಚೇರಿಯ ಸ್ವತ್ತಾಗಿರುವ ಆ ವಿಗ್ಗನ್ನು ತಾವೇ ಧರಿಸಬೇಕು. ಬೈತಲೆ ಎಡಕ್ಕೆ ಬರಲಿ. ತಮಗೆ ಒಪ್ಪುತ್ತದೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತಕ್ಕಡಿ ರಿಪೇರಿಯವನು
(ತಮ್ಮ ಸಾಲಿನಲ್ಲಿ: ಹದಿನೈದು ಗ್ರಾಂ)

ಮರೆತ ಮಾತು: ನಿನ್ನೆ ತಂಗಿ ಕಿವಿಯ ಮೇಲೆ ಇಳಿಯುತ್ತಿದೆಯೆಂದು ಮೊದಲ ಸಲ ಕತ್ತರಿ ಹಾಕಿಸಿಕೊಂಡಳು. ನಾನೂ ಜೊತೆಗೆ ಹೋಗಿದ್ದೆ. ಕ್ಷೌರದವನು ಕೆಳಗೆ ಬಿದ್ದದ್ದನ್ನೆಲ್ಲ ಗುಡಿಸಿ ಹೊರಗೆ ಹಾಕಿದ. ಎಷ್ಟಿತ್ತೋ, ಅವನೂ ತೂಗಲಿಲ್ಲ, ಬಟ್ಟಿನ ಪೆಟ್ಟಿಗೆ, ಕೈತಕ್ಕಡಿ ಎರಡೂ ಜೊತೆಯಲ್ಲೇ ಇದ್ದರೂ ನಾನೂ ತೂಗಲಿಲ್ಲ. ಇದಕ್ಕೆ ಸಂಬಂಧಿಸಿದ ನಮೂನೆ ಏನಾದರೂ ತಮ್ಮಲ್ಲಿದ್ದರೆ ದಯವಿಟ್ಟು ಕಳಿಸಬೇಡಿ, ತುಂಬಿಬಿಡುತ್ತೇನೆ.