ಕಿಟಕಿ ಕೋಣೆಯ ಕ್ಲಾಸು

ಇಂಗ್ಲಿಷ್ ಮೇಷ್ಟ್ರ ಗಂಟಲು ಕೆಟ್ಟು ವರ್ಷಗಳೇ ಆಗಿದ್ದವು. ಹೈಸ್ಕೂಲಿನ ಮೊದಲ ವರ್ಷದ ತೊಂಬತ್ತು ಮಕ್ಕಳನ್ನೂ ತಗಡಿನ ಷೆಡ್ಡಿನಲ್ಲಿ ಒಟ್ಟಿಗೆ ಕೂರಿಸಿ, ಹತ್ತೊಂಬತ್ತು ವರ್ಷ ಕೂಗಿ ಕೂಗಿ, ಈಗ ಅವರು ಬಾಯಿ ತೆರೆದರೆ ಹಳೇ ಬಾಗಿಲು ತೆರೆದ ಹಾಗೆ ಕೇಳುತ್ತಿತ್ತು.

ಅಂಥವರಿಗೆ ಹೆಡ್‌ಮಾಸ್ಟರು ಬೆಳಿಗ್ಗೆ ಬೆಳಿಗ್ಗೆ ಸಿಹಿಸುದ್ದಿ ಕೊಟ್ಟರು. ಈ ವರ್ಷದಿಂದ ಇಂಗ್ಲಿಷಿಗೆ ಎರಡು ಕ್ಲಾಸು. ಚೆನ್ನಾಗಿ ಓದುವವರು ಕಿಟಕಿ ಕೋಣೆಯಲ್ಲಿ ತಮ್ಮಷ್ಟಕ್ಕೆ ಕತೆಪುಸ್ತಕ ಓದಿಕೊಳ್ಳುತ್ತಾರೆ, ಅವರಿಗೆ ಇಂಗ್ಲಿಷ್ ಮೇಷ್ಟ್ರು. ತಡವರಿಸುವವರು ಷೆಡ್ಡಿನಲ್ಲಿ. ಅವರಿಗೆ, ಬೇರೆ ಯಾರೂ ಇಲ್ಲದ್ದರಿಂದ, ಡ್ರಿಲ್ ಮೇಷ್ಟ್ರು. ಮಧ್ಯಾಹ್ನ ಒಬ್ಬೊಬ್ಬರನ್ನೇ ಓದಿಸಿ ವಿಂಗಡಿಸುವುದು.

"ಒಂದೇ ಷರತ್ತು. ಅಪ್ಪ ಪಾಠ ಮಾಡೋ ಕ್ಲಾಸಲ್ಲಿ ಮಗಳು ಕೂರೋ ಹಾಗಿಲ್ಲ. ನಾಳೆ ಜನ ಆಡ್ಕೋತಾರೆ," ಎಂದರು ಹೆಡ್‌ಮಾಸ್ಟರು.

ಮೇಷ್ಟ್ರ ಮಗಳು ಈ ವರ್ಷವೇ ಹೈಸ್ಕೂಲಿಗೆ ಬಂದಿದ್ದಳು. ಅವಳೋ, ಸೋಪಿನ ಕಾಗದ ಸಿಕ್ಕರೂ ಕೊನೆಯ ಅಕ್ಷರದವರೆಗೆ ಓದದೆ ಬಿಡುವವಳಲ್ಲ. ಅವಳು ಕಿಟಕಿ ಕೋಣೆಗೆ ಬಂದರೆ ಅಪ್ಪ ಷೆಡ್ಡಿಗೆ.

ಮಗಳನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದರು.

"ಪುಟ್ಟೀ, ಮಧ್ಯಾಹ್ನ ಸ್ವಲ್ಪ ತಡವರಿಸಿ ಓದಮ್ಮ."

"ಯಾಕಪ್ಪಾ?"

"ಅಪ್ಪನ ಗಂಟಲಿಗೋಸ್ಕರ. ಮನೇಲಿ ನಾನೇ ಹೇಳ್ಕೊಡ್ತೀನಿ. ಅಮ್ಮಂಗೆ ಮಾತ್ರ ಹೇಳ್ಬೇಡ."

ಮಗಳು ಯೋಚಿಸಿದಳು. "ನಿಮ್ಮ ದಪ್ಪ ಡಿಕ್ಷನರಿ ನಂಗೇ ಕೊಡ್ತೀರಾ?"

ಕೆಟ್ಟದಾಗಿ ಓದಲು ಡಿಕ್ಷನರಿಯನ್ನು ಲಂಚ ಕೊಟ್ಟ ತಂದೆ ಇನ್ನೊಬ್ಬನಿರಲಾರ. ಮೇಷ್ಟ್ರು ಒಪ್ಪಿದರು. ತಡವರಿಸುವುದು ಹೇಗೆಂದು ಅಲ್ಲೇ ಹೇಳಿಯೂ ಕೊಟ್ಟರು.

ಟ್ಯಾಂಕಿನ ಆಚೆ ಬಕೆಟ್ ತುಂಬಿಸುತ್ತಿದ್ದ ಜವಾನ ಅದನ್ನೆಲ್ಲ ಕೇಳಿಸಿಕೊಂಡು, ಅರ್ಧ ಬಕೆಟ್ಟಿನಲ್ಲೇ ಗುಮಾಸ್ತರ ಬಳಿ ಓಡಿದ. ಗುಮಾಸ್ತರ ಮಗನೂ ಅದೇ ತರಗತಿ.

"ಸ್ವಂತ ಮಗಳನ್ನೇ ಷೆಡ್ಡಿಗೆ ಸೇರಿಸ್ತಿದ್ದಾರೆ ಅಂದ್ರೆ ಅಲ್ಲೇನೋ ಲಾಭ ಇದೆ ಕಣಯ್ಯಾ," ಎನ್ನುತ್ತ ಗುಮಾಸ್ತರು ಫೋನು ಕೈಗೆತ್ತಿಕೊಂಡರು.

ಹನ್ನೊಂದು ಗಂಟೆಗೆ ಊರವರ ಬಾಯಲ್ಲಿ ಷೆಡ್ಡಿನವರಿಗೆ ಪರೀಕ್ಷೆ ಇಲ್ಲವೆಂದಾಯಿತು. ಹನ್ನೆರಡಕ್ಕೆ, ಅವರಿಗೆ ನೇರವಾಗಿ ಸರ್ಕಾರಿ ನೌಕರಿ ಎಂದಾಯಿತು. ಊಟದ ಹೊತ್ತಿಗೆ ಗೇಟಿನ ಬಳಿ ಹೆತ್ತವರು ಮೇಷ್ಟ್ರನ್ನು ಮುತ್ತಿಕೊಂಡರು.

"ನಮ್ಮೋನಿಗೆ ಒಂದಕ್ಷರಾನೂ ಬರಲ್ಲ ಸಾರ್, ದೇವರಾಣೆ!" ಎಂದು ಒಬ್ಬ ತಾಯಿ ಹೆಮ್ಮೆಯಿಂದ ಹೇಳಿದಳು.

"ನಮ್ಮವಳಿಗೆ ಕನ್ನಡಾನೂ ಬರಲ್ಲ!" ಎಂದು ಹಿಂದಿನಿಂದ ಒಬ್ಬ ತಾತ ಅವಳನ್ನು ಮೀರಿಸಿದರು.

"ಅಯ್ಯೋ, ಹಾಗೇನೂ ಇಲ್ರೀ," ಎಂದರು ಮೇಷ್ಟ್ರು. ಕೆಟ್ಟ ಗಂಟಲಿನಿಂದ ಉಸಿರಷ್ಟೇ ಹೊರಟಿತು.

"ನೋಡಿದ್ರಾ, ಎಷ್ಟು ಮೆತ್ತಗೆ ಹೇಳ್ತಿದ್ದಾರೆ! ಗುಟ್ಟು ಗುಟ್ಟು," ಎಂದು ಜನ ಒಬ್ಬರನ್ನೊಬ್ಬರು ತಿವಿದರು.

ಮಧ್ಯಾಹ್ನ ಓದಿಸುವುದು ಶುರುವಾಯಿತು. ಪುಸ್ತಕದಲ್ಲಿ ಒಂದು ಹಸು ಬೇಲಿಯೊಳಗೆ ತಲೆ ತೂರಿಸುವುದು ಮೊದಲ ವಾಕ್ಯ. ಆ ವಾಕ್ಯವನ್ನು ಯಾರೂ ದಾಟಲಿಲ್ಲ. ಒಬ್ಬ ಪುಸ್ತಕವನ್ನು ತಲೆಕೆಳಗು ಹಿಡಿದ. ಒಬ್ಬಳು ಅತ್ತಳು. ವರ್ಷವರ್ಷವೂ ಮೊದಲ ಸ್ಥಾನ ಪಡೆಯುತ್ತಿದ್ದ ಗುಮಾಸ್ತರ ಮಗ, "ಇದ್ಯಾವ ಭಾಷೆ ಸಾರ್?" ಎಂದು ಕೇಳಿದ. ಹೆಡ್‌ಮಾಸ್ಟರು ಎರಡು ಸಲ ನೀರು ತರಿಸಿ ಕುಡಿದರು.

ಕೊನೆಗೆ ಉಳಿದವಳು ಮೇಷ್ಟ್ರ ಮಗಳು. ಅಪ್ಪ ಕಣ್ಸನ್ನೆ ಮಾಡಿದರು. ಅವಳು ತಡವರಿಸುತ್ತಲೇ ಶುರುಮಾಡಿದಳು. ಆಮೇಲೆ ಏನಾಯಿತೋ, ಪೂರ್ತಿ ಪುಟವನ್ನು ನೀರು ಕುಡಿದಂತೆ ಓದಿದಳು. ಅಪ್ಪ ಕೆಮ್ಮಿದರು. ಅವಳು ಪುಟ ತಿರುಗಿಸಿ ಮುಂದಿನದನ್ನೂ ಮುಗಿಸಿದಳು.

"ಏನೇ ಇದು?" ಎಂದು ಅಪ್ಪ ಹಲ್ಲು ಕಚ್ಚಿ ಕೇಳಿದರು.

"ಎಂಬತ್ತೊಂಬತ್ತು ಸಲ ಆ ಹಸು ತಲೆ ತೂರಿಸಿದ್ದೇ ಆಯ್ತು. ಆಮೇಲೇನಾಯ್ತು ಅಂತ ತಿಳೀದೆ ಇರೋಕಾಗ್ಲಿಲ್ಲ ಅಪ್ಪಾ."

ಹೆಡ್‌ಮಾಸ್ಟರು ಪಟ್ಟಿ ಬರೆದರು. ಕಿಟಕಿ ಕೋಣೆಗೆ ಒಬ್ಬಳು. ಷೆಡ್ಡಿಗೆ ಎಂಬತ್ತೊಂಬತ್ತು.

"ಮಗಳಿರೋ ಕಡೆ ನೀವಿರೋ ಹಾಗಿಲ್ವಲ್ಲ ಮೇಷ್ಟ್ರೇ, ಅಲ್ಲಿಗೆ ಡ್ರಿಲ್ ಮೇಷ್ಟ್ರು ಹೋಗ್ತಾರೆ. ಅಲ್ದೆ, ಇಷ್ಟು ದಡ್ಡರಿಗೆ ನಿಮ್ಮಂಥ ಅನುಭವಸ್ಥರೇ ಬೇಕು," ಎಂದು ಅವರ ಬೆನ್ನು ತಟ್ಟಿದರು.

ಕೊನೆಯ ಪಿರಿಯಡ್ಡಿಗೇ ಹೊಸ ಕ್ಲಾಸು ಶುರು. ಮೇಷ್ಟ್ರು ಷೆಡ್ಡಿನಲ್ಲಿ ನಿಂತು, ಉಳಿದಿದ್ದ ಗಂಟಲನ್ನೆಲ್ಲ ಸೇರಿಸಿ ಕೂಗುತ್ತಿದ್ದಾಗ ಬಾಗಿಲಲ್ಲಿ ಮಗಳು ಕಾಣಿಸಿಕೊಂಡಳು. ಕಂಕುಳಲ್ಲಿ ಅಪ್ಪ ಮುಂಗಡ ಕೊಟ್ಟಿದ್ದ ದಪ್ಪ ಡಿಕ್ಷನರಿ ಇತ್ತು.

"ಸಾರ್," ಎಂದಳು ವಿನಯದಿಂದ, "ಸ್ವಲ್ಪ ಮೆತ್ತಗೆ ಪಾಠ ಮಾಡ್ಬೇಕಂತೆ. ಡ್ರಿಲ್ ಮೇಷ್ಟ್ರಿಗೆ ನಿದ್ದೆ ಬರ್ತಿಲ್ವಂತೆ."