ಭಾವಮೈದ ಮುಖ್ಯಮಂತ್ರಿಯಾದದ್ದು

ಟೆಂಟ್ ಸಿನಿಮಾದಲ್ಲಿ ರೀಲು ಓಡಿಸುವ ನನ್ನಂಥವನಿಗೆ ಪರದೆ ನೋಡುವ ಅಗತ್ಯವೇ ಬೀಳುವುದಿಲ್ಲ. ಪರದೆಯ ಈಚೆ ನಡೆಯುವುದೇ ಬೇಕಾದಷ್ಟಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಟೆಂಟು ಕನ್ನಡ, ತಮಿಳು, ತೆಲುಗು ಮೂರೂ ಆಡುವ ಗಡಿಸೀಮೆಯಲ್ಲಿ, ರಾಯಕೋಟೆ ಕಡೆಯ ಒಂದು ಹಳ್ಳಿಯಲ್ಲಿತ್ತು. ಜಾಗ ಪಂಚಾಯ್ತಿ ಪ್ರೆಸಿಡೆಂಟರದು. ಅವರು ಮುನಿಸಿಕೊಂಡರೆ ಗೂಟ ಕಿತ್ತುಕೊಂಡು ಹೊರಡಬೇಕು, ನಮ್ಮೆಲ್ಲರ ಅನ್ನಕ್ಕೆ ಕಲ್ಲು. ಅಂಥ ಊರಿಗೆ ನಮ್ಮ ಓನರು ತಂದದ್ದು ರಾಜಕೀಯದ ಸಸ್ಪೆನ್ಸ್ ಪಿಚ್ಚರು.

೧. ಗುಟ್ಟು

ಪ್ರಚಾರಕ್ಕೆ ಎತ್ತಿನ ಗಾಡಿ, ಗಾಡಿಯಲ್ಲಿ ಮೈಕು ಹಿಡಿದು ನಮ್ಮ ಟಿಕೆಟ್ ಹರಿಯುವವನು. "ಮುಖ್ಯಮಂತ್ರಿನ ಕೊಂದೋರು ಯಾರು ಅನ್ನೋದೇ ಸಸ್ಪೆನ್ಸು. ಅದ್ನ ಒತ್ತಿ ಹೇಳ್ಲಾ" ಅಂದಿದ್ದರು ಓನರು. ಅವನು ಒತ್ತಿಯೇ ಹೇಳಿದ: "ಮುಖ್ಯಮಂತ್ರಿಗೆ ಹಾಲಲ್ಲಿ ವಿಷ ಹಾಕಿದೋನು ಯಾರು? ಅವರ ಸ್ವಂತ ಭಾವಮೈದ! ಕುರ್ಚಿ ಆಸೆಗೆ! ತಪ್ಪದೆ ನೋಡಿ!" ಯಾರಿಗೂ ಬಿಟ್ಟುಹೋಗದಿರಲಿ ಅಂತ ತಮಿಳಲ್ಲೂ ತೆಲುಗಲ್ಲೂ ಇನ್ನೊಮ್ಮೆ ಹೇಳಿದ.

ಓನರು ತಲೆ ಮೇಲೆ ಕೈ ಹೊತ್ತರು. "ಗುಟ್ಟು ಬಿಟ್ಕೊಟ್ಬುಟ್ಯಲ್ಲೋ."

"ಪ್ರಶ್ನೆ ಕೇಳ್ಬುಟ್ಟು ಉತ್ತರ ಕೊಡ್ದೇ ಬಂದ್ರೆ ಜನ ಬೈಯಲ್ವಾ ಅಣ್ಣಾ?" ಅಂದ ಅವನು.

೨. ಹಾಲಿನ ಲೋಟ

ಗುಟ್ಟು ಗೊತ್ತಿದ್ದರಿಂದಲೇ ಜನ ಹೆಚ್ಚು ಬಂದರು. ಪರದೆಯ ಮೇಲೆ ಹಾಲಿನ ಲೋಟ ಕಂಡದ್ದೇ ತಡ, ನೆಲದ ಮೇಲೆ ಕೂತವರೆಲ್ಲ ಎದ್ದರು. ಒಂದು ಮೂಲೆಯಿಂದ "ಕುಡೀಬೇಡಪ್ಪೋ", ಇನ್ನೊಂದರಿಂದ ಅದೇ ಮಾತು ತೆಲುಗಲ್ಲಿ "ತಾಗೊದ್ದಯ್ಯಾ", ಹಿಂದಿನಿಂದ ತಮಿಳಲ್ಲಿ "ಕುಡಿಕ್ಕಾದೇ". ಮುಖ್ಯಮಂತ್ರಿ ಗಟಗಟ ಕುಡಿದು ಉರುಳಿದ.

ಮುಂದೆ ಕೂತಿದ್ದ ಅಜ್ಜಿ ಎಲೆ ಅಡಿಕೆ ಉಗಿದಳು. "ಮೂರು ಬಾಸೇಲಿ ಹೇಳಿದ್ರೂ ಕೇಳ್ಲಿಲ್ಲ. ಇವ್ನು ರಾಜ್ಯ ಆಳ್ತಿದ್ನಾ? ಹೋಗ್ಲಿ ಬುಡು."

೩. ಬಿಟ್ಟ ರೀಲು

ಪ್ರೆಸಿಡೆಂಟರಿಗೂ ಒಬ್ಬ ಭಾವಮೈದನಿದ್ದ. ಭಾವನ ಮನೆಯಲ್ಲೇ ಊಟ, ಭಾವನ ಹಿಂದೆಯೇ ಓಡಾಟ, ಮುಂದಿನ ಸಲ ತಾನೇ ಪ್ರೆಸಿಡೆಂಟಾಗುವ ಆಸೆ. ಪಿಚ್ಚರು ಬಂದ ಮೇಲೆ ಊರವರು ಅವನನ್ನು ಕಂಡಾಗೆಲ್ಲ "ಭಾವಂಗೆ ಹಾಲು ಕೊಟ್ಯೇನಪ್ಪಾ?" ಅನ್ನತೊಡಗಿದರು.

ಅವನು ಕೆಂಡವಾಗಿ ಟೆಂಟಿಗೆ ಬಂದ. "ಇವತ್ತು ನಮ್ ಭಾವ ಪಿಚ್ಚರ್‌ಗೆ ಬತ್ತಾರೆ. ವಿಷ ಹಾಕೋದು, ಪೊಲೀಸ್ನೋರು ಹಿಡ್ಕೊಂಡೋಗೋದು, ಎರಡೂ ಇರ್ಬಾರ್ದು. ಇದ್ರೆ ನಾಳೆ ಟೆಂಟ್ ಇರಾಕಿಲ್ಲ."

ಓನರು ನನಗೆ ಆ ಎರಡು ರೀಲನ್ನು ಬಿಟ್ಟು ಓಡಿಸು ಅಂದರು. ಬಿಟ್ಟೆ.

ಪ್ರೆಸಿಡೆಂಟರು ಕುರ್ಚಿ ಹಾಕಿಸಿಕೊಂಡು ಕೂತರು, ಪಕ್ಕದಲ್ಲೇ ಭಾವಮೈದ. ಪರದೆಯ ಮೇಲಿನ ಭಾವಮೈದ ಭಾವನ ಕಾಲು ಒತ್ತುತ್ತಿದ್ದ. ರೀಲು ಬದಲಾಯಿಸಿದೆ. ಭಾವನ ಫೋಟೋಕ್ಕೆ ಹಾರ ಬಿದ್ದಿತ್ತು, ಭಾವಮೈದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದ. ಅಲ್ಲಿಗೇ ನಿಲ್ಲಿಸಿ ದೀಪ ಹಾಕಿದೆ. ಊರಿನ ಭಾವಮೈದ ಎದ್ದು ನಿಂತು ಚಪ್ಪಾಳೆ ತಟ್ಟಿದ. ತಟ್ಟಿದವನು ಅವನೊಬ್ಬನೇ.

ಪ್ರೆಸಿಡೆಂಟರು ಕುರ್ಚಿ ಬಿಟ್ಟು ಏಳಲಿಲ್ಲ. ಓನರು ಕೈ ಮುಗಿದುಕೊಂಡು ಹತ್ತಿರ ಹೋದರು.

"ಇವನು ಸಿಕ್ಕಾಕ್ಕೊಳ್ಳಾದೇ ಇಲ್ವಾ?" ಅಂದರು ಪ್ರೆಸಿಡೆಂಟರು, ಪರದೆ ಕಡೆ ಬೆರಳು ಮಾಡಿ.

"ಇಲ್ಲ ಸಾಮಿ."

"ಟೆಂಟ್ ಇಲ್ಲೇ ಇರ್ಲಿ, ಎಲ್ಗೂ ಹೋಗ್ಬೇಡಿ. ನಾಳೆ ನಮ್ಮನೆಯೋಳ್ನ ಕರ್ಕೊಂಡ್ ಬತ್ತೀನಿ. ತಮ್ಮನ್ನ ತಲೆ ಮೇಲೆ ಕೂರಿಸ್ಕೊಂಡವ್ಳೆ, ನೋಡ್ಲಿ."

ನಮಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಭಾವಮೈದ ಖುಷಿಯಿಂದ ಓಡಿಹೋಗಿ ಗೋಲಿ ಸೋಡಾ ಒಡೆಸಿ ತಂದ. "ತಗೊಳಿ ಭಾವ, ದಣ್ದಿದೀರಿ."

ಪ್ರೆಸಿಡೆಂಟರು ಸೋಡಾ ನೋಡಿದರು, ಅವನನ್ನು ನೋಡಿದರು.

"ಮೊದ್ಲು ನೀನೊಂದ್ ಗುಟುಕು ಕುಡೀಲಾ."